ನೆಲಮಾಳಿಗೆ ಸೇರಿದ ಸಂಗೀತೋತ್ಸವ



1969ರ ಬೇಸಿಗೆಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ದೊಡ್ಡ ಸಂಗೀತೋತ್ಸವಗಳು ನಡೆದವು. ಒಂದು, ಹಳ್ಳಿಗಾಡಿನ ಹೈನುಗಾರರೊಬ್ಬರ ಜಮೀನಿನಲ್ಲಿ ಆಗಸ್ಟ್‌ನಲ್ಲಿ ಜರುಗಿದ ವುಡ್‌ಸ್ಟಾಕ್. ಇನ್ನೊಂದು, ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನಾಂಗದವರ ನೆಲೆಯೆಂದೇ ಹೆಸರಾದ ಹಾರ್ಲೆಮ್‌ನ ಉದ್ಯಾನದಲ್ಲಿ ಆರು ಭಾನುವಾರ ನಡೆದ ಹಾರ್ಲೆಮ್ ಸಾಂಸ್ಕೃತಿಕ ಉತ್ಸವ. ಮೊದಲನೆಯದು ಜಗತ್ತಿಗೆಲ್ಲ ಗೊತ್ತು. ಎರಡನೆಯದು ಸುಮಾರು ಐವತ್ತು ವರ್ಷ ಹೊರಗಿನವರಿಗೆ ಮರೆತೇ ಹೋಗಿತ್ತು.

ಜನ ಬರಲಿಲ್ಲವೆಂದಲ್ಲ. ಆರು ವಾರಗಳಲ್ಲಿ ಸುಮಾರು 3 ಲಕ್ಷ ಮಂದಿ ಸೇರಿದ್ದರೆಂದು ಅಂದಾಜು. ಕಲಾವಿದರೂ ಸಾಮಾನ್ಯರಲ್ಲ. 19 ವರ್ಷದ ಸ್ಟೀವಿ ವಂಡರ್, ಬಿ.ಬಿ. ಕಿಂಗ್, ನೀನಾ ಸಿಮೋನ್, ಮಹಾಲಿಯಾ ಜಾಕ್ಸನ್ ಮೊದಲಾದವರು ಅಲ್ಲಿದ್ದರು. ‘ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್’ ತಂಡ ಎರಡೂ ಉತ್ಸವಗಳಲ್ಲಿ ಹಾಡಿತ್ತು. ಕ್ಯಾಮೆರಾ ಇರಲಿಲ್ಲವೇ? ಅದೂ ಇತ್ತು. ಹಾಲ್ ಟುಲ್ಚಿನ್ ಎಂಬ ಟೆಲಿವಿಷನ್ ನಿರ್ಮಾಪಕರು ಸುಮಾರು 40 ಗಂಟೆಗಳಷ್ಟು ಚಿತ್ರೀಕರಣ ನಡೆಸಿದ್ದರು.

ಅಂತರ ಬಿದ್ದದ್ದು ಆ ಬಳಿಕ. ವುಡ್‌ಸ್ಟಾಕ್ ಕುರಿತ ಸಾಕ್ಷ್ಯಚಿತ್ರ 1970ರಲ್ಲಿ ತೆರೆಕಂಡು ಆಸ್ಕರ್ ಗಳಿಸಿತು. ಅಲ್ಲಿಗೆ ಹೋಗದವರಿಗೂ ಅದು ತಮ್ಮದೇ ನೆನಪೆಂಬಂತಾಯಿತು. ಹಾರ್ಲೆಮ್ ಉತ್ಸವದ ಕೆಲವು ಭಾಗಗಳು 1969ರಲ್ಲೇ ಟೀವಿಯಲ್ಲಿ ಪ್ರಸಾರವಾದವಾದರೂ, ಅದನ್ನು ಚಿತ್ರವಾಗಿಸಲು ಹಣ ಹೂಡುವವರು ಸಿಗಲಿಲ್ಲ. ಟೇಪುಗಳು ಟುಲ್ಚಿನ್ ಅವರ ಮನೆಯ ನೆಲಮಾಳಿಗೆ ಸೇರಿದವು. 2017ರಲ್ಲಿ ಅವರು ತೀರಿಕೊಂಡಾಗಲೂ ಚಿತ್ರ ಹೊರಬಂದಿರಲಿಲ್ಲ.

ಡ್ರಮ್ ವಾದಕ ಅಹ್ಮೀರ್ ‘ಕ್ವೆಸ್ಟ್‌ಲವ್’ ಥಾಂಪ್ಸನ್ ಆ ಟೇಪುಗಳಿಂದ ರೂಪಿಸಿದ ‘ಸಮ್ಮರ್ ಆಫ್ ಸೋಲ್’ 2021ರಲ್ಲಿ ಚಿತ್ರಮಂದಿರಗಳ ಜೊತೆಗೇ ಹುಲು ಸ್ಟ್ರೀಮಿಂಗ್ ವೇದಿಕೆಯಲ್ಲೂ ಬಿಡುಗಡೆಯಾಯಿತು. 2022ರಲ್ಲಿ ಇದಕ್ಕೂ ಆಸ್ಕರ್ ಬಂತು. ಚಿತ್ರದಲ್ಲಿ ಹಾಡಿನಷ್ಟೇ ಕಾಲವೂ ಮಾತನಾಡುತ್ತದೆ. ಜುಲೈ 20ರಂದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನವೂ ಅಲ್ಲಿ ಸಂಗೀತವಿತ್ತು. ಆ ಸಾಧನೆಯ ಬಗ್ಗೆ ಟೀವಿ ವರದಿಗಾರ ಕೇಳಿದಾಗ, ಆ ಹಣವನ್ನು ಹಾರ್ಲೆಮ್‌ನ ಬಡವರಿಗೆ ಕೊಡಬಹುದಿತ್ತಲ್ಲ ಎನ್ನುತ್ತಾರೆ ಅಲ್ಲಿನವರು. ಬಾಲ್ಯದಲ್ಲಿ ಉತ್ಸವಕ್ಕೆ ಹೋಗಿದ್ದವರೊಬ್ಬರು ಈ ದೃಶ್ಯಗಳನ್ನು ನೋಡಿ ಕಣ್ಣೀರು ತುಂಬಿಕೊಳ್ಳುತ್ತಾರೆ. ತಾನು ಕಂಡದ್ದು ಭ್ರಮೆಯಲ್ಲ ಎಂಬುದಕ್ಕೆ ಅವರಿಗೆ ಕೊನೆಗೂ ಸಾಕ್ಷಿ ಸಿಕ್ಕಿತ್ತು.

ಚಿತ್ರೀಕರಿಸಿದ ಮಾತ್ರಕ್ಕೆ ಘಟನೆ ಉಳಿಯುವುದಿಲ್ಲ. ಅದನ್ನು ಜನರ ಮುಂದಿಡುವವರೂ ಬೇಕು. ಅಂದು ಆ ತೀರ್ಮಾನ ಟೀವಿ ಮತ್ತು ಚಿತ್ರ ಕಂಪನಿಗಳ ಕೈಯಲ್ಲಿತ್ತು. ಇಂದು ಅದರ ದೊಡ್ಡ ಪಾಲು ಸ್ಟ್ರೀಮಿಂಗ್ ಸಂಸ್ಥೆಗಳದು. ಒಪ್ಪಂದ ಮುಗಿದರೆ ಚಿತ್ರವೊಂದು ಅವುಗಳ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗಬಹುದು. ಆದ್ದರಿಂದ ಸಂಗೀತದ ಸಾಕ್ಷ್ಯಚಿತ್ರ ನೋಡುವಾಗ ಹಾಡನ್ನು ಆಸ್ವಾದಿಸುವುದರ ಜೊತೆಗೆ, ಇದನ್ನು ಇಷ್ಟು ದಿನ ಯಾರು ಕಾಪಾಡಿದರು, ಯಾರು ಬೇಡವೆಂದರು ಎಂದು ಕೇಳುವುದೂ ಅಗತ್ಯ.