ಕಳೆ ತೆಗೆಯುವ ಚಿಕ್ಕ ಟಿಲ್ಲರ್: ಬಳಸುವ ಬಗೆ

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘ ನಡೆದುಬಂದ ದಾರಿಯನ್ನು ಹಿಂದಿನ ಭಾಷಣಕಾರರು ವಿವರವಾಗಿ ಹೇಳಿದ್ದಾರೆ. ನಾನು ಕಳೆಯ ವಿಚಾರ ಮಾತಾಡ್ತೇನೆ. ರಾಗಿಗಾಗಲಿ, ತರಕಾರಿಗಾಗಲಿ ಮೊದಲ ಒಂದು, ಒಂದೂವರೆ ತಿಂಗಳು ಕಳೆ ಬಿಟ್ಟರೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಹೋದ ಇಳುವರಿ ತಿರುಗಿ ಬರೋದಿಲ್ಲ. ಆ ಹೊತ್ತಿಗೇ ಆಳು ಸಿಗೋದಿಲ್ಲ. ಆದ್ದರಿಂದ ಕೈಯಲ್ಲಿ ಹಿಡಿದು ನಡೆಸುವ ಚಿಕ್ಕ ಟಿಲ್ಲರ್ ಕಡೆ ಎಲ್ಲರ ಕಣ್ಣು ಬಿದ್ದಿದೆ.

ಇದು ನೇಗಿಲಲ್ಲ. ಬೀಳುಬಿದ್ದ ಗಟ್ಟಿ ನೆಲಕ್ಕೆ ಇಳಿಸಿದರೆ ಕುಣಿದು ಕೈ ಕೀಳುತ್ತದೆ. ಉತ್ತ ನೆಲದಲ್ಲಿ ಹೆಂಟೆ ಒಡೆಯಲು, ಗೊಬ್ಬರ ಬೆರೆಸಲು, ಸಾಲಿನ ನಡುವೆ ಕಳೆ ತೆಗೆಯಲು ಇದು ಸರಿ. ನಮ್ಮ ಎಡೆಕುಂಟೆಯ ತಮ್ಮ ಅನ್ನಿ.

ಮೊದಲು ಹದ ನೋಡಿ. ಹಿಡಿ ಮಣ್ಣು ತಗೊಂಡು ಮುಷ್ಟಿ ಕಟ್ಟಿ. ಉಂಡೆಯಾಗಿ, ಬೆರಳಲ್ಲಿ ಒತ್ತಿದಾಗ ಉದುರಿದರೆ ಹದ ಸರಿ. ಕೈಗೆ ಅಂಟಿದರೆ ಎರಡು ದಿನ ತಡೀರಿ. ಹಸಿ ಎರೆಮಣ್ಣಿನಲ್ಲಿ ಓಡಿಸಿದರೆ ಹೆಂಟೆ ಒಣಗಿ ಇಟ್ಟಿಗೆಯಾಗುತ್ತದೆ.

ಕಳೆಗೆ ಒಂದೆರಡು ಅಂಗುಲ ಆಳ ಸಾಕು. ಆಳಕ್ಕೆ ಹೋದರೆ ಕೆಳಗೆ ಮಲಗಿದ್ದ ಕಳೆಬೀಜ ಮೇಲೆ ಬಂದು ಮೊಳೀತದೆ. ಬಾಳೆ, ಕಾಳುಮೆಣಸಿನ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಬುಡದ ಹತ್ತಿರ ಕೈಯಿಂದಲೇ ತೆಗೀರಿ. ಕಳೆ ಎರಡು ಮೂರು ಎಲೆ ಇರುವಾಗ, ಬಿಸಿಲ ದಿನ ಬೆಳಿಗ್ಗೆಯೇ ಓಡಿಸಿ. ಮಳೆ ಬರುವ ಹೊತ್ತಲ್ಲಿ ಓಡಿಸಿದರೆ ಕಿತ್ತ ಕಳೆ ಮತ್ತೆ ಬೇರು ಬಿಡುತ್ತದೆ.

ಗರಿಕೆ, ಜೇಕು ಇರುವ ಕಡೆ ಬಹಳ ಎಚ್ಚರ. ಅಲಗು ತುಂಡರಿಸಿದ ಗರಿಕೆಯ ಗೆಣ್ಣು ಗೆಣ್ಣೂ ಹೊಸ ಗಿಡವಾಗುತ್ತದೆ. ಜೇಕಿನ ಗಡ್ಡೆಯನ್ನು ಯಂತ್ರವೇ ಹೊಲದ ತುಂಬ ಹರಡುತ್ತದೆ. ಅಲ್ಲಿ ಗುದ್ದಲಿಯಿಂದ ಅಗೆದು, ಆರಿಸಿ ಹೊರಗೆ ಹಾಕಬೇಕು.

ಎಂಜಿನ್ ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಅದರದೇ ಆಯಿಲ್ ಬೆರೆಸಲೇಬೇಕು. ಕೈಪಿಡಿಯಲ್ಲಿ 40:1 ಅಂತಿದ್ದರೆ ಲೀಟರಿಗೆ 25 ಮಿಲಿ. ಫೋರ್ ಸ್ಟ್ರೋಕ್ ಆದರೆ ಬೆರೆಸಬಾರದು. ಆಯಿಲ್ ಮಟ್ಟ ದಿನಾ ನೋಡಬೇಕು. ಅಲಗಿಗೆ ಹುಲ್ಲು ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರ್ ಕಿತ್ತು, ಆಮೇಲೆ ಕೈ ಹಾಕಿ. ಗಟ್ಟಿ ಬೂಟು ಹಾಕದೆ ಹಿಡೀಬೇಡಿ. ಪಂಚೆ, ಸೆರಗು ಬಿಗಿಯಾಗಿರಲಿ. ಮಕ್ಕಳನ್ನು ದೂರ ಇಡಿ.

ಇನ್ನು ಸಂಘಕ್ಕೆ ನನ್ನ ಬೇಡಿಕೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಒಬ್ಬನಿಗೆ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಅನ್ನೋದೇ ಸಹಕಾರ. ಅರ್ಧ ಎಕರೆಯವರು ಒಬ್ಬೊಬ್ಬರೂ ಸಾಲ ಮಾಡಿ ಟಿಲ್ಲರ್ ಕೊಳ್ಳೋದು ಬೇಡ. ಸಂಘವೇ ಕೊಂಡು ಗಂಟೆ ಬಾಡಿಗೆಗೆ ಕೊಡಲಿ. ಆದರೆ ಊರೊಟ್ಟಿನದು ಅಂತ ಯಾರೂ ನೋಡಿಕೊಳ್ಳದ ಯಂತ್ರ ಆಗಬಾರದು. ಕಲಿತವರಿಗೆ ಮಾತ್ರ ಕೊಡಬೇಕು. ಒಯ್ದವರು ಅಲಗು ತೊಳೆದೇ ತರಬೇಕು, ಇಲ್ಲವಾದರೆ ಒಬ್ಬರ ಹೊಲದ ಜೇಕು ಊರಿಗೆಲ್ಲ ಹಬ್ಬುತ್ತದೆ.

ಕಳೆ ಕೂಲಿಯನ್ನೇ ನಂಬಿದ ಹೆಣ್ಣುಮಕ್ಕಳಿಗೂ ಓಡಿಸಲು ಕಲಿಸಿ, ಬಾಡಿಗೆ ಕೆಲಸ ಅವರಿಗೇ ಮೊದಲು ಕೊಡಿ. ಯಂತ್ರದಿಂದ ಅವರ ಬೆನ್ನುನೋವು ಹೋಗಲಿ, ಕೂಲಿ ಹೋಗದಿರಲಿ.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೇನೆ. ಜೈ ಸಹಕಾರ.