ಬಿಸಿಲುಕೋಲು

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಬಿಸಿಲುಕೋಲಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಒಡೆದ ಹೆಂಚಿನ ಸಂದಿನಿಂದ ನಡುಮನೆಗೆ ಓರೆಯಾಗಿ ಇಳಿದು ನಿಲ್ಲುವ ಆ ಹೊಳೆಯುವ ಕಂಬವನ್ನು ಕೈಯಲ್ಲಿ ಹಿಡಿಯಲು ಹೋಗದ ಮಗುವಿಲ್ಲ. ನಾನೂ ಹೋದವನೇ. ಈಗಿನ ತಾರಸಿ ಮನೆಗಳಿಗೆ ಅದು ತಾನಾಗಿ ಬರುವುದಿಲ್ಲ, ನಾವೇ ಕರೆಯಬೇಕು. ಬೆಳಗಿನ ಬಿಸಿಲು ಬೀಳುವ ಕಿಟಕಿಯನ್ನು ದಪ್ಪ ರಟ್ಟಿನಿಂದ ಮುಚ್ಚಿ, ರಟ್ಟಿನಲ್ಲಿ ಬಟಾಣಿ ಕಾಳಿನಷ್ಟು ತೂತು ಮಾಡಿ, ಬಾಗಿಲು ಹಾಕಿಕೊಳ್ಳಿ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡುವ ಕೆಲಸ ಮಾತ್ರ ಬೇಡ; ಕಣ್ಣು ಕೆಟ್ಟೀತು. ಕೋಣೆಯ ಒಂದು ಪಕ್ಕದಲ್ಲಿ ನಿಂತು ಕೋಲನ್ನು ನೋಡಿ.

ಏನು ಕಾಣುತ್ತಿದೆ ಎಂದು ಕೇಳಿದರೆ 'ಬೆಳಕು' ಎನ್ನುವಿರಿ. ಸ್ವಲ್ಪ ತಡೆಯಿರಿ. ಆ ಬೆಳಕು ಕಿಟಕಿಯಿಂದ ಎದುರು ಗೋಡೆಗೆ ನೆಟ್ಟಗೆ ಹೋಗುತ್ತಿದೆ. ನೀವು ನಿಂತಿರುವುದು ಪಕ್ಕದಲ್ಲಿ. ನಿಮ್ಮ ಕಡೆಗೆ ಹೊರಡದ ಬೆಳಕು ನಿಮಗೆ ಕಂಡದ್ದು ಹೇಗೆ? ಊದುಬತ್ತಿಯನ್ನು ಹಚ್ಚಿ ಕೋಲಿನ ಕೆಳಗೆ ಹಿಡಿಯಿರಿ. ಹೊಗೆ ತಾಕಿದೆಡೆಯಲ್ಲಿ ಕೋಲು ಥಟ್ಟನೆ ಬೆಳಗುತ್ತದೆ. ಹಾಸಿಗೆಯನ್ನು ಕೊಡವಿದರೂ ಹಾಗೆಯೇ. ಮನೆಯವರು ಬೈದರೆ ನನ್ನ ಮೇಲೆ ಹೇಳಿಬಿಡಿ. ಆಮೇಲೆ ಅರ್ಧ ಗಂಟೆ ಯಾರೂ ಓಡಾಡದಿದ್ದರೆ ಕೋಲು ಮಂಕಾಗುತ್ತದೆ. ಆದರೆ ಗೋಡೆಯ ಮೇಲಿನ ಬಿಸಿಲಿನ ಬಿಲ್ಲೆ ಮೊದಲಿನಂತೆಯೇ ಇರುತ್ತದೆ. (ತೂತು ಮುಕ್ಕೋನವಾಗಿದ್ದರೂ ಆ ಬಿಲ್ಲೆ ದುಂಡಗೆ ಇಲ್ಲವೆ ಮೊಟ್ಟೆಯಾಕಾರದಲ್ಲಿ ಕಾಣುವುದನ್ನೂ ಗಮನಿಸಿ, ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ.) ಅಂದಮೇಲೆ ನಾವು ಕೋಲೆಂದು ಕರೆದದ್ದು ಧೂಳನ್ನು. ಒಂದೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದರಿಸುತ್ತದೆ. ಅದರಲ್ಲೊಂದು ಪಾಲು ನಮ್ಮ ಕಣ್ಣಿಗೆ ಬರುತ್ತದೆ.

ಧೂಳನ್ನೆಲ್ಲ ತೆಗೆದುಬಿಟ್ಟರೆ ಕೋಲು ಏನಾದೀತು? ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸ ಮಾಡಿದ ಜಾನ್ ಟಿಂಡಾಲನು ಇದನ್ನು ಪರೀಕ್ಷಿಸಿದನು. ಗಾಜಿನ ಕಿಂಡಿಗಳುಳ್ಳ ಪೆಟ್ಟಿಗೆಯೊಂದರ ಒಳಮೈಗೆ ಗ್ಲಿಸರಿನ್ ಬಳಿದು, ಗಾಳಿಯಲ್ಲಿದ್ದ ಧೂಳೆಲ್ಲ ಅದಕ್ಕೆ ಅಂಟಿಕೊಳ್ಳುವಂತೆ ಕೆಲವು ದಿನ ಅಲುಗಿಸದೆ ಬಿಟ್ಟನು. ಅನಂತರ ಬೆಳಕನ್ನು ಹಾಯಿಸಿದಾಗ ಪೆಟ್ಟಿಗೆಯ ಈಚೆಗೂ ಕೋಲು, ಆಚೆಗೂ ಕೋಲು. ಒಳಗೆ ಬರಿಯ ಕತ್ತಲೆ! ಅಷ್ಟಕ್ಕೇ ಬಿಡಲಿಲ್ಲ. 1870ರ ದಶಕದಲ್ಲಿ ಇಂಥ ಪೆಟ್ಟಿಗೆಗಳೊಳಗೆ ಮಾಂಸ, ತರಕಾರಿಗಳ ರಸವನ್ನು ಕುದಿಸಿಟ್ಟನು. ಹೊರಗಿನ ಗಾಳಿಗೆ ತೆರೆದಿಟ್ಟ ರಸ ಕೆಲವೇ ದಿನಗಳಲ್ಲಿ ಕೊಳೆಯಿತು. ಕೋಲು ಕಾಣದ ಗಾಳಿಯಲ್ಲಿದ್ದದ್ದು ಬಹುಮಟ್ಟಿಗೆ ತಿಂಗಳುಗಟ್ಟಲೆ ತಿಳಿಯಾಗಿಯೇ ಉಳಿಯಿತು. ಕೊಳೆಯಿಸುವ ಜೀವಾಣುಗಳು ರಸದಲ್ಲಿ ತಾವಾಗಿ ಹುಟ್ಟುವುದಿಲ್ಲ, ಧೂಳಿನೊಡನೆ ಬರುತ್ತವೆ ಎಂಬುದಕ್ಕೆ ಇದೊಂದು ಬಲವಾದ ಸಾಕ್ಷಿಯಾಯಿತು.

ಅವನ ಪ್ರಯೋಗಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. 1870ರ ಒಂದು ಉಪನ್ಯಾಸದಲ್ಲಿ ಅವನು ಅದನ್ನು ವಿವರಿಸಿದನು. ಬೆಚ್ಚಗೆ ಮಾಡಿದ ಗಾಜಿನ ನಳಿಗೆಯ ಮೂಲಕ ಕೋಲಿಗೆ ಅಡ್ಡಲಾಗಿ ಉಸಿರು ಬಿಟ್ಟನು. ಉಸಿರಿನ ಕೊನೆಯ ಪಾಲು, ಎಂದರೆ ಶ್ವಾಸಕೋಶದ ಆಳದಿಂದ ಬಂದ ಗಾಳಿ, ತಾಕಿದಾಗ ಕೋಲಿನಲ್ಲಿ ಕಪ್ಪು ತೂತು ಬಿದ್ದಂತಾಯಿತು. ಒಳಗೆ ಹೋದ ಧೂಳು ಹೊರಗೆ ಬರಲಿಲ್ಲ. ಅದು ಎಲ್ಲಿ ಉಳಿಯಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ಅರಳೆಯನ್ನಿಟ್ಟ ಕರವಸ್ತ್ರವನ್ನು ಮೂಗು ಬಾಯಿಗೆ ಹಿಡಿದು ಉಸಿರಾಡಿದರೆ ಧೂಳು ಒಳಗೆ ಹೋಗದಂತೆ ತಡೆಯಬಹುದೆಂದೂ ಅವನು ತೋರಿಸಿದನು. 2020ರಲ್ಲಿ ನಾವೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದಾಗ ನನಗೆ ಆ ಕರವಸ್ತ್ರ ನೆನಪಾಗುತ್ತಿತ್ತು.

ಬಿಸಿಲಿಲ್ಲದ ದಿನ ರಾತ್ರಿ ಇನ್ನೊಂದು ಆಟವಾಡಬಹುದು. ಗಾಜಿನ ಲೋಟದ ತುಂಬ ನೀರಿಟ್ಟು, ದೀಪ ಆರಿಸಿ, ಟಾರ್ಚಿನ ಬಾಯಿಗೆ ತೂತು ಮಾಡಿದ ರಟ್ಟನ್ನು ಕಟ್ಟಿ ಪಕ್ಕದಿಂದ ಬೆಳಕು ಹಾಯಿಸಿ. ತಿಳಿನೀರಿನಲ್ಲಿ ಏನೂ ಕಾಣದು, ಕಂಡರೂ ಅಲ್ಪ. ಒಂದು ತೊಟ್ಟು ಹಾಲು ಬಿಟ್ಟು ಕದಡಿ. ನೀರಿನೊಳಗೆ ಕೋಲು ಮೂಡುತ್ತದೆ. ಪಕ್ಕದಿಂದ ನೋಡಿದರೆ ಅದಕ್ಕೆ ತುಸು ನೀಲಿಯ ಛಾಯೆ. ಲೋಟದ ಆಚೆ ಬಿಳಿಯ ಕಾಗದ ಹಿಡಿದರೆ ಅಲ್ಲಿ ಬಿದ್ದ ಬೆಳಕು ಹಳದಿಗೆ ತಿರುಗಿರುತ್ತದೆ. ಕಣಗಳು ಬಹಳ ಸಣ್ಣವಾದಾಗ ಕೆಂಪಿಗಿಂತ ನೀಲಿಯನ್ನೇ ಹೆಚ್ಚಾಗಿ ಚೆದರಿಸುತ್ತವೆ. ಹಗಲಿನ ಆಕಾಶ ನೀಲಿಯಾಗಿರುವುದೂ ಸಂಜೆಯ ಸೂರ್ಯ ಕೆಂಪಾಗುವುದೂ ಇದೇ ಬಗೆಯಲ್ಲಿ. ಮೂರು ನಾಲ್ಕು ತೊಟ್ಟಿನ ಮೇಲೆ ಹಾಕಬೇಡಿ. ಲೋಟವೆಲ್ಲ ಬೆಳ್ಳಗಾಗಿ ಕೋಲು ಅದರಲ್ಲೇ ಕರಗಿಹೋಗುತ್ತದೆ.