ಬೆಳ್ಳಿಯ ಕರಂಡಕ ಯಾರ ದುಡ್ಡಿನದು?

(ನಂಜನಗೂಡಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಬಿನ್ನವತ್ತಳೆ ಎಂಬ ಮಾತು ನಿಮಗೆ ಹೊಸದಲ್ಲ. ದೊಡ್ಡವರು ಊರಿಗೆ ಬಂದಾಗ ಪುರಸಭೆಯವರು ಓದಿ ಒಪ್ಪಿಸುತ್ತಿದ್ದ ಹೊಗಳಿಕೆಯ ಓಲೆ ಅದು. ಓಲೆಯೇನೋ ಒಂದೇ ಹಾಳೆ. ಅದನ್ನು ಸುರುಳಿ ಸುತ್ತಿ ಇಡಲು ಮಾತ್ರ ಬೆಳ್ಳಿಯ ಕರಂಡಕವೇ ಆಗಬೇಕು! 1875-76ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗ ಇಂಡಿಯಾ ಸುತ್ತಿದಾಗ ಊರೂರಿನಲ್ಲಿ ಇದೇ ಉಪಚಾರ.

ಕೆಲಸವನ್ನು ನಾವು ಹಳಿಯುವುದಿಲ್ಲ. ಬೆಳ್ಳಿ ತಗಡನ್ನು ಅರಗಿನ ಮೇಲೆ ಕೂರಿಸಿ, ಹಿಂದಿನಿಂದ ತಟ್ಟಿ ಉಬ್ಬಿಸಿ, ಮುಂದಿನಿಂದ ಉಳಿಯಲ್ಲಿ ಗೆರೆ ತಿದ್ದಿ ದೇವರು, ಆನೆ, ಬಳ್ಳಿ ಮೂಡಿಸುವುದು ಸಾಮಾನ್ಯ ವಿದ್ಯೆಯೇ? ಆದರೆ ಮುಚ್ಚಳದ ಮೇಲೆ ಕೊಟ್ಟವರ ಹೆಸರುಂಟು, ಪಡೆದವರ ಹೆಸರುಂಟು. ಕಣ್ಣು ಸವೆಸಿದ ಆಚಾರಿಯ ಹೆಸರು ಹುಡುಕಿದರೂ ಸಿಗುವುದು ಅಪರೂಪ. ಇಂದು ಈ ಪೆಟ್ಟಿಗೆಗಳು ಹಳೆಯ ವಸ್ತುಗಳ ಹರಾಜಿಗೆ ಬರುತ್ತವೆ. ಕೊಳ್ಳುವವರು ತೂಕ ನೋಡುತ್ತಾರೆ, ಮುದ್ರೆ ನೋಡುತ್ತಾರೆ. ಒಳಗಿನ ಹೊಗಳಿಕೆ ಯಾರಿಗೆ ಬೇಕು?

ಹರಾಜೆಂದರೆ ಗಾಂಧೀಜಿಯವರ ಹರಾಜನ್ನು ಹೇಳಬೇಕು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಹರಿಜನ ಯಾತ್ರೆಯಲ್ಲಿ ಅವರು ಸುಮಾರು 12,500 ಮೈಲಿ ತಿರುಗಿದರು, ಎಂಟು ಲಕ್ಷ ರೂಪಾಯಿಯಷ್ಟು ನಿಧಿ ಕೂಡಿಸಿದರು. 1934ರ ಜನವರಿಯಲ್ಲಿ ನಮ್ಮ ಸೀಮೆಗೂ ಬಂದರು, ನಮ್ಮದೇ ತಾಲ್ಲೂಕಿನ ತಗಡೂರಿಗೂ ಬಂದರು. ಆ ಯಾತ್ರೆಯಲ್ಲಿ ಯಾರಾದರೂ ಬಿನ್ನವತ್ತಳೆಯ ಜೊತೆ ಬೆಳ್ಳಿ ಪೆಟ್ಟಿಗೆ ಕೊಟ್ಟರೆ ಅದೇ ವೇದಿಕೆಯ ಮೇಲೆ ನಿಂತು, ಅಂಗಡಿಯವರನ್ನೂ ನಾಚಿಸುವಂತೆ ಚೌಕಾಸಿ ಮಾಡಿ, ಹರಾಜು ಕೂಗುತ್ತಿದ್ದರು. ಮಾನ ಕೊಟ್ಟವರ ಎದುರಿಗೇ ಮಾನದ ಪೆಟ್ಟಿಗೆ ಮಾರಾಟ! ದುಡ್ಡು ಹರಿಜನ ನಿಧಿಗೆ.

ಈಗ ಕರಂಡಕ ಹೋಗಿ ಬೆಳ್ಳಿ ಗದೆ, ಬೆಳ್ಳಿ ಕಿರೀಟ ಬಂದಿವೆ. ನಾವು ಮೇಷ್ಟರಾಗಿದ್ದಾಗ ಇಂಥದೊಂದು ಸನ್ಮಾನಕ್ಕೆ ಮಕ್ಕಳಿಂದ ತಲೆಗೆ ಇಪ್ಪತ್ತು ರೂಪಾಯಿ ಎತ್ತಿಕೊಟ್ಟೆವು. ತರದಿದ್ದ ಹುಡುಗಿಯೊಬ್ಬಳನ್ನು ನಿಲ್ಲಿಸಿ ಕೇಳಿದವರೂ ನಾವೇ. ಅವಳಪ್ಪ ಗಿರಣಿಯ ಬದಲಿ ಕೂಲಿ. ಆ ವಾರ ಪಾಳಿ ಸಿಕ್ಕಿರಲಿಲ್ಲ. ಅವಳು ಅತ್ತದ್ದು ಇನ್ನೂ ಕಣ್ಣ ಮುಂದಿದೆ.

ಆದ್ದರಿಂದ ಈಗ ಬಜಾರಿನಲ್ಲಿ ತಿರುಗುತ್ತಿರುವ ಚಂದಾ ಪಟ್ಟಿಗೆ ನಾವು ಸಹಿ ಹಾಕಿಲ್ಲ. ಬೆಳ್ಳಿಯ ತೂಕವೆಷ್ಟು, ಅಂಗಡಿಗೆಷ್ಟು ಬಿತ್ತು, ಗಿರಣಿಯ ಸಂಬಳದಲ್ಲಿ ಮುರಿದುಕೊಳ್ಳುವುದೆಷ್ಟು, ಲೆಕ್ಕ ಮೊದಲು ಓದಲಿ. ಭಾನುವಾರ ಸಂಜೆ ತಿ. ನರಸೀಪುರದ ಸಭೆಯಲ್ಲೂ ಇದನ್ನೇ ಕೇಳುತ್ತೇವೆ. ಪಟ್ಟಿ ಹಿಡಿದವರೂ ದಯಮಾಡಿ ಬರಲಿ, ಪುಸ್ತಕ ತರಲಿ.